ಮೇಕೆ ನೆಕ್ಕಿದ ಮೈದಾನ

ಪೋರ್ಚುಗಲ್ಲಿನ ಕಡಲಂಚಿನಲ್ಲಿ ಸಲ್ವೆಲ್ಯ ಎಂಬ ಊರಿದೆ. ಒಂದು ಕಡೆ ಅಟ್ಲಾಂಟಿಕ್ ಸಮುದ್ರ, ಇನ್ನೊಂದು ಕಡೆ ಉಪ್ಪಿನ ಆಗರ, ನಡುವೆ ಊರಿನ ಫುಟ್‌ಬಾಲ್ ಸಂಘದ ಮೈದಾನ. ಮೈದಾನದ ಸುಣ್ಣದ ಗೆರೆಗಳೆಲ್ಲ ಅಚ್ಚುಕಟ್ಟು. ಸಮುದ್ರದ ಕಡೆಯ ಗೋಲಿನ ಗೆರೆ ಮಾತ್ರ ನಡುವೆ ಮೊಳದಷ್ಟು ಮಾಯವಾಗಿರುತ್ತದೆ. ಬಾಗಿಲ ಮೇಲಿನ ಲಾಂಛನದಲ್ಲಿ ನಾಲಿಗೆ ಚಾಚಿದ ಪ್ರಾಣಿಯೊಂದಿದೆ. ಹೊರಗಿನವರು ಅದನ್ನು ಸಿಂಹವೆಂದು ತಿಳಿದು, ಪಕ್ಕದಲ್ಲಿ ಎದೆಯುಬ್ಬಿಸಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಊರವರು ತಿದ್ದುವುದಿಲ್ಲ. ಮೈದಾನದ ಹೆಸರು 'ಕಾಂಪು ದಾ ಲಂಬೀದ'. ಕಾಂಪು ಎಂದರೆ ಬಯಲು. ಲಂಬೀದ ಎಂದರೆ ನಮ್ಮ ಲಂಬವೂ ಅಲ್ಲ, ಲಂಬೋದರನೂ ಅಲ್ಲ, ನೆಕ್ಕುವಿಕೆ. ಮೇಜು, ಚಾವಿ, ಪಾದ್ರಿ ಮುಂತಾದ ಮಾತುಗಳನ್ನು ಹಡಗಿನಲ್ಲಿ ಹೊತ್ತು ತಂದು ನಮಗೆ ಕೊಟ್ಟ ಜನ ಇದೊಂದನ್ನು ತಮ್ಮಲ್ಲೇ ಉಳಿಸಿಕೊಂಡರು. ಅದರ ಹಿಂದಿನ ಕಥೆ ಅಕ್ಷರಶಃ ನಿಜ. ಅನುಮಾನವಿದ್ದವರು ಆ ಮೇಕೆಯನ್ನೇ ಕೇಳಬಹುದಿತ್ತು.

ಹಿಂದೆ ಒಮ್ಮೆ, ಈ ಬಯಲೂ ಆಗರವೂ ದೋನ ಯುಫ್ರಾಸಿಯ ಎಂಬ ಸಿರಿವಂತ ವಿಧವೆಗೆ ಸೇರಿದ್ದ ಕಾಲದಲ್ಲಿ, ಆಗರದ ಕೆಲಸಗಾರ ಬೆಲ್ಮಿರು ಸಂಘದ ಗೋಲ್‌ಕೀಪರನಾಗಿದ್ದ. ಮೈದಾನಕ್ಕೆ ಗೆರೆ ಎಳೆಯುವವನೂ ಅವನೇ. ಸುಣ್ಣ ಕೊಂಡು ತರಬೇಕು, ಉಪ್ಪು ಕಾಲಡಿಯಲ್ಲೇ ಇದೆ. ಹೀಗಾಗಿ ಸಲ್ವೆಲ್ಯದಲ್ಲಿ ಗೆರೆ ಎಳೆಯುತ್ತಿದ್ದುದು ಉಪ್ಪಿನಿಂದಲೇ ಎನ್ನುತ್ತಾರೆ. ಆ ವರ್ಷ ದೋನ, ಎಂದರೆ ಒಡತಿ, ಒಂದು ಮಾತು ಹೊರಡಿಸಿದಳು: ಬರುವ ಭಾನುವಾರ ನೆರೆಯೂರು ಫೊಂತೆಲದವರ ಎದುರು ಸೋಲದಿದ್ದರೆ ಬಯಲು ಸಂಘಕ್ಕೆ, ಸೋತರೆ ಮರುದಿನದಿಂದಲೇ ಅಲ್ಲಿ ಉಪ್ಪಿನ ರಾಶಿ. ಫೊಂತೆಲದವರ ಎದುರು ಸಲ್ವೆಲ್ಯ ಸೋಲದಿದ್ದ ನೆನಪು ಅಜ್ಜಂದಿರಿಗೂ ಇರಲಿಲ್ಲ. ಅದು ತಿಳಿದೇ ಆಕೆ ಮಾತು ಕೊಟ್ಟದ್ದು. ಬೆಲ್ಮಿರುವಿಗೆ ಮಾತ್ರ ನಿದ್ದೆ ಚೆನ್ನಾಗಿ ಬಂತು. ಭಾನುವಾರ ಬೆಳಗ್ಗೆ ಎದ್ದು ಎಂದಿನಂತೆ ಒರಟು ಉಪ್ಪಿನಲ್ಲಿ ಗೆರೆ ಎಳೆದ. ಸಮುದ್ರದ ಕಡೆಯ ಗೋಲಿಗೆ ಬಂದಾಗ ಮಾತ್ರ ಅವನ ಬುಟ್ಟಿಯಲ್ಲಿದ್ದುದು ಹೂವುಪ್ಪು, ಎಂದರೆ ಆಗರದ ಪಾತಿಯ ನೀರಿನ ಮೇಲೆ ಕೆನೆಯಂತೆ ಕಟ್ಟುವ, ನಾಲಿಗೆಗಿಟ್ಟರೆ ಕರಗುವ ಉಪ್ಪು. ಬುಟ್ಟಿ ಅದಲುಬದಲಾಯಿತು ಎಂದು ಅವನ ಹೆಂಡತಿಯ ಕಡೆಯವರು ಇಂದಿಗೂ ಹೇಳುತ್ತಾರೆ. ಹೇಳಲಿ ಬಿಡಿ.

ದೋನ ಯುಫ್ರಾಸಿಯಳಿಗೆ ಮಕ್ಕಳಿರಲಿಲ್ಲ, ಒಂದು ಮೇಕೆಯಿತ್ತು. ಹೆಸರು ಪ್ರಿನ್ಸೇಜ, ಎಂದರೆ ರಾಜಕುಮಾರಿ. ದಿನವೂ ಅಂಗೈಯಲ್ಲಿ ಹೂವುಪ್ಪು ನೆಕ್ಕಿಸಿ ಸಾಕಿದ್ದ ಮೇಕೆ. ಆಟ ನೋಡಲು ಬಂದಾಗ ಅದನ್ನು ಸಮುದ್ರದ ಕಡೆಯ ಗೋಲಿನ ಕಂಬಕ್ಕೆ ಕಟ್ಟುವುದು ಆಕೆಯ ರೂಢಿ. ಕಂಬಗಳೋ ಹಳೆಯ ದೋಣಿಯ ಹುಟ್ಟುಗಳು. ಗಾಳಿಗೆ ಒಂದು ಸಮುದ್ರದ ಕಡೆಗೂ ಇನ್ನೊಂದು ಊರಿನ ಕಡೆಗೂ ವಾಲಿದ್ದವು. ಅವನ್ನು ನಂಬಿ ಗೆರೆ ಊಹಿಸುವಂತಿರಲಿಲ್ಲ. ಆಟದ ಎರಡನೆಯ ಅರ್ಧದಲ್ಲಿ ಬೆಲ್ಮಿರು ಆ ಗೋಲಿಗೆ ಬಂದು ನಿಂತ. ಜನರ ಕಣ್ಣೆಲ್ಲ ಎದುರು ತುದಿಯ ಚೆಂಡಿನ ಮೇಲಿದ್ದಾಗ ಅವನ ಬೆನ್ನ ಹಿಂದೆ ಸರಸರ ನೆಕ್ಕುವ ಸದ್ದು. ಬೆಲ್ಮಿರು "ಹುಶ್" ಎಂದ. ತನಗೇ ಕೇಳಿಸದಷ್ಟು ಮೆಲ್ಲಗೆ.

ಇನ್ನೇನು ಆಟ ಮುಗಿಯಬೇಕು, ಎರಡೂ ಕಡೆ ಗೋಲಿಲ್ಲ, ಆಗ ಫೊಂತೆಲದ ಕಪ್ತಾನ ಬೀಸಿ ಒದ್ದ. ಬೆಲ್ಮಿರು ಹಿಂದಕ್ಕೆ ಹಾರಿ ಚೆಂಡನ್ನು ತಬ್ಬಿ ಬಿದ್ದ. "ಗೋಲು!" ಎಂದು ಫೊಂತೆಲ ಕೂಗಿತು. ರೆಫರಿಯಾಗಿದ್ದ ಪಾದ್ರಿ ಒನೊರಾತು ಓಡಿ ಬಂದು ಬಗ್ಗಿ ನೋಡಿದರೆ ಗೆರೆಯೇ ಇಲ್ಲ. ಚೆಂಡಿನ ಹಿಂದೆ ಪ್ರಿನ್ಸೇಜ ತುಟಿ ಚಪ್ಪರಿಸುತ್ತ ನಿಂತಿದೆ.

"ಗೆರೆಯನ್ನು ದಾಟಿದರೆ ಗೋಲು," ಎಂದರು ಪಾದ್ರಿ, ಭಾನುವಾರದ ಪ್ರವಚನದ ದನಿಯಲ್ಲಿ. "ಗೆರೆ ಈಗ ಮೇಕೆಯ ಹೊಟ್ಟೆಯಲ್ಲಿದೆ. ಚೆಂಡು ಮೇಕೆಯನ್ನು ದಾಟಿಲ್ಲ."

"ಹಾಗಾದರೆ ಹೊಟ್ಟೆ ಸೀಳಿ ಗೆರೆ ಈಚೆ ತೆಗೀರಿ ಸ್ವಾಮಿ! ಎಲ್ಲಿತ್ತೋ ಅಲ್ಲಿಡಿ, ನೋಡೇಬಿಡೋಣ!" ಎಂದು ಕಪ್ತಾನ ರೇಗಿದ.

ದೋನ ಯುಫ್ರಾಸಿಯ ಕುರ್ಚಿ ಉರುಳಿಸಿ ಎದ್ದಳು. "ನನ್ನ ಪ್ರಿನ್ಸೇಜಳ ಮೈ ಮುಟ್ಟಿದರೆ ಕೈ ಮುರಿದೇನು! ಪಾದ್ರಿಗಳು ಗೋಲಿಲ್ಲ ಅಂದಮೇಲೆ ಇಲ್ಲ! ಊದಿರಿ ಸೀಟಿ!"

ಸೀಟಿ ಊದಿದ ಮೇಲೆಯೇ ತಾನು ಏನನ್ನು ಕಳೆದುಕೊಂಡೆನೆಂದು ಆಕೆಗೆ ಹೊಳೆದದ್ದು. ಆದರೂ ದೊಡ್ಡಮನೆಯವಳು, ಮಾತು ಮುರಿಯಲಿಲ್ಲ. ಮೇಕೆಯ ಹಗ್ಗ ಬಿಚ್ಚುತ್ತ ಬೆಲ್ಮಿರುವನ್ನು ಹತ್ತಿರ ಕರೆದು, "ನಿಜ ಹೇಳೋ ಕಳ್ಳ. ದಾಟಿತ್ತು ತಾನೆ?" ಎಂದಳು.

ಬೆಲ್ಮಿರು ಟೋಪಿ ತೆಗೆದು ತಲೆ ಬಾಗಿಸಿದ. "ಏನನ್ನು ದಾಟಿತ್ತು, ದೋನ?"

ಆಕೆ ನಕ್ಕ ಸದ್ದು ಆಗರದ ಆಚೆ ದಡಕ್ಕೂ ಕೇಳಿಸಿತಂತೆ. ಈಗ ಗೆರೆಗಳೆಲ್ಲ ಸುಣ್ಣದವು. ಆದರೂ ಆಟದ ದಿನ ಬೇಗ ಹೋದವರಿಗೆ ಸಮುದ್ರದ ಕಡೆಯ ಗೋಲಿನಲ್ಲಿ ಆ ಮೊಳದಷ್ಟು ಖಾಲಿ ಜಾಗ ಕಾಣುತ್ತದೆ. ಊರಿನ ಗೋಲ್‌ಕೀಪರ್ ಬಂದು ಅಲ್ಲೊಂದು ಚಿಟಿಕೆ ಹೂವುಪ್ಪು ಉದುರಿಸುತ್ತಾನೆ. ಇಂದಿಗೂ ಆ ಕಂಬಕ್ಕೊಂದು ಮೇಕೆ ಕಟ್ಟುತ್ತಾರೆ. ಅದರ ಹಗ್ಗದ ಉದ್ದ, ಅಳತೆ ಮಾಡಿಟ್ಟಂತೆ, ಸರಿಯಾಗಿ ಅಲ್ಲಿಯವರೆಗೆ ಸಾಲುತ್ತದೆ.