ಭುಜಂಗ ಯೂರೋಪಿಗೆ ಟಿಕೆಟ್ ತೆಗೆದದ್ದು

ಅರಸೀಕೆರೆಯಲ್ಲಿ ಅಂಬುಜಾಕ್ಷಿ ಟೀಚರ್ ಅಂತ ಒಬ್ಬರಿದ್ದರು. ಅವರಿಗೊಬ್ಬನೇ ಮಗ, ಭುಜಂಗ. ವಯಸ್ಸು ನಲವತ್ತಾಗಿತ್ತು, ಮೀಸೆ ನರೆತಿತ್ತು, ಬುದ್ಧಿ ಮಾತ್ರ ಇನ್ನೂ ಮೊಳೆಯಬೇಕಿತ್ತು. ಕೆಟ್ಟವನಲ್ಲ, ಪಾಪ. ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕಷ್ಟ ಇದ್ದದ್ದೇ ಅಲ್ಲಿ.

ಟೀಚರಮ್ಮ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವರು. ಭೂಪಟದ ಮೇಲೆ ಕೋಲಿಟ್ಟು ಇದು ಪ್ಯಾರಿಸ್, ಇದು ರೋಮ್, ಇದು ವಿಯೆನ್ನಾ ಅಂತ ತೋರಿಸಿದ್ದೇ ತೋರಿಸಿದ್ದು. ಒಂದನ್ನೂ ಕಣ್ಣಾರೆ ಕಂಡವರಲ್ಲ. ಮಂಡಿ ಗಟ್ಟಿಯಿರುವಾಗಲೇ ಮಗ ಸೊಸೆ ಜೊತೆ ಮೂರೂ ಊರು ನೋಡಿಬಿಡಬೇಕು ಅಂತ ನಿಶ್ಚಯ ಮಾಡಿದರು. ಸೊಸೆ ವನಮಾಲಾ ನರ್ಸು, ಅವಳಿಗೆ ಪುರುಸೊತ್ತಿಲ್ಲ. ಟೀಚರಮ್ಮನಿಗೆ ಮೊಬೈಲಿನ ಸಣ್ಣಕ್ಷರ ಕಾಣದು. ಉಳಿದವನು ಭುಜಂಗ.

"ಅಗ್ಗದ ಟಿಕೆಟ್ ನೋಡ್ತಾ ಇರು, ಮಗ," ಅಂದರು.

ನೋಡಿದ. ಹಲ್ಲುಜ್ಜುತ್ತಾ ನೋಡಿದ, ಉಣ್ಣುತ್ತಾ ನೋಡಿದ. ಹದಿನೈದು ದಿನ ಬಿಟ್ಟು ಕೇಳಿದರೆ, ಭಾರೀ ಅಗ್ಗದ್ದು ಬಂದಿತ್ತು, ನೋಡಿದೆ, ಹೊರಟುಹೋಯಿತು ಅಂದ. ಟೀಚರಮ್ಮ ಹಣೆ ಚಚ್ಚಿಕೊಂಡರು. ನೋಡಿ ಬರೋಕೆ ಅದೇನು ಹೆಣ್ಣೇನೋ, ಅಗ್ಗ ಕಂಡ ತಕ್ಷಣ ತಗೊಂಡುಬಿಡು, ಯೋಚನೆ ಮಾಡ್ತಾ ಕೂರಬೇಡ ಅಂತ ಬೈದರು.

ಮಾರನೆಯ ದಿನವೇ ಕಂಡಿತು. ರೋಮಿನಿಂದ ವಿಯೆನ್ನಾಕ್ಕೆ, ಬೆಂಗಳೂರು ಬಸ್ಸಿಗಿಂತ ಅಗ್ಗ. ಯೋಚನೆ ಮಾಡಲಿಲ್ಲ, ಮೂರು ತಗೊಂಡ. ವಿಮಾನ ಹೊರಡುವುದು ನಾಳೆ ಬೆಳಿಗ್ಗೆ! ಟೀಚರಮ್ಮ ಅರಸೀಕೆರೆಯಲ್ಲಿ ರೊಟ್ಟಿ ತಟ್ಟುತ್ತಿರುವಾಗ ಅವರ ಸೀಟು ಖಾಲಿಯಾಗಿ ವಿಯೆನ್ನಾಕ್ಕೆ ಹಾರಿತು.

ತಾರೀಖು ಗೊತ್ತು ಮಾಡಿಕೊಳ್ಳದೆ ಯಾರಾದರೂ ಟಿಕೆಟ್ ತೆಗೆಯುತ್ತಾರೇನೋ ಅಂತ ಮತ್ತೆ ಬೈದರು. ಮೇ ಹತ್ತು ಅಂತ ಇಟ್ಟುಕೋ, ಬೇರೆ ತಾರೀಖು ಮುಟ್ಟಬೇಡ ಅಂದರು.

ಮುಟ್ಟಲಿಲ್ಲ. ಬೆಂಗಳೂರಿನಿಂದ ಪ್ಯಾರಿಸ್ಸಿಗೆ ಮೇ ಹತ್ತು. ಪ್ಯಾರಿಸ್ಸಿನಿಂದ ರೋಮಿಗೆ ಮೇ ಹತ್ತು. ರೋಮಿನಿಂದ ವಿಯೆನ್ನಾಕ್ಕೆ ಮೇ ಹತ್ತು. ಅಲ್ಲಿಂದ ವಾಪಸು ಬೆಂಗಳೂರಿಗೂ ಮೇ ಹತ್ತು. ಪುಣ್ಯಕ್ಕೆ ದುಡ್ಡು ಕಟ್ಟುವ ಮುಂಚೆ ವನಮಾಲಾ ಅದನ್ನು ನೋಡಿದಳು. ಯೂರೋಪು ನೋಡಿಕೊಂಡು ಸಂಜೆ ಕಾಫಿಗೆ ಮನೆಗೆ ಬರೋದಾ ಅಂತ ಗಂಡನನ್ನು ಕೇಳಿದಳು.

"ಎಲ್ಲ ಒಟ್ಟಿಗೆ ಹಾಕಬೇಡವೋ," ಅಂದರು ಟೀಚರಮ್ಮ. "ನಡುನಡುವೆ ನಾಲ್ಕು ನಾಲ್ಕು ದಿನ ಬಿಡು."

ಬಿಟ್ಟ. ಪ್ಯಾರಿಸ್ಸಿಗೆ ಅಮ್ಮನ ಟಿಕೆಟ್ ಮೇ ಹತ್ತಕ್ಕೆ, ಹೆಂಡತಿಯದು ಹದಿನಾಲ್ಕಕ್ಕೆ, ತನ್ನದು ಹದಿನೆಂಟಕ್ಕೆ. ಈ ಸಲ ದುಡ್ಡೂ ಕಟ್ಟಿಬಿಟ್ಟಿದ್ದ. ಅಗ್ಗದ ಟಿಕೆಟ್, ಬೇಡ ಅಂದರೆ ಬಿಡಿಗಾಸೂ ವಾಪಸಿಲ್ಲ.

ಟೀಚರಮ್ಮ ಗೋಡೆಗೊರಗಿ ಕೂತು ಸೊಸೆಗೆ ಹೇಳಿದರು: "ಹೇಳಿದ್ದನ್ನಷ್ಟೇ ಮಾಡಿ ಅಂತ ಸಾವಿರಾರು ಮಕ್ಕಳಿಗೆ ಬಡಿದುಕೊಂಡೆ ಕಣಮ್ಮ. ಅಷ್ಟು ಜನರಲ್ಲಿ ಕಲಿತವನು ಇವನೊಬ್ಬನೇ."

ಹೋಗದೆ ವಿಧಿಯಿಲ್ಲ. ಅರವತ್ತೆಂಟರ ಹೆಂಗಸು ಒಬ್ಬರೇ ವಿಮಾನ ಹತ್ತಿದರು. ಪ್ಯಾರಿಸ್ಸಿನಲ್ಲಿ ಮೊದಲ ದಿನ ಹೋಟೆಲ್ ರೂಮಿನ ಬಾಗಿಲು ತೆಗೆಯಲಿಲ್ಲ. ಎರಡನೆಯ ದಿನ ಹೊರಬಿದ್ದರು. ಸೀನ್ ನದಿ ಭೂಪಟದಲ್ಲಿ ಹೇಗೆ ಬಾಗಿತ್ತೋ ಹಾಗೇ ಬಾಗಿ ಹರಿಯುತ್ತಿತ್ತು. ಸೇತುವೆ ಮೇಲೆ ನಿಂತು ಸ್ವಲ್ಪ ಅತ್ತರು. ವನಮಾಲಾ ಬರುವಷ್ಟರಲ್ಲಿ ಅತ್ತೆಗೆ ಊರಿನ ಗಲ್ಲಿಗಲ್ಲಿ ಗೊತ್ತಾಗಿತ್ತು.

ಉಳಿದವನು ಭುಜಂಗ. ಅಷ್ಟು ದೊಡ್ಡ ವಿಮಾನ ನಿಲ್ದಾಣದಲ್ಲಿ ಕಳೆದುಹೋದರೆ ಹುಡುಕುವುದೆಲ್ಲಿ? ಟೀಚರಮ್ಮ ಫೋನ್ ಮಾಡಿ ಬಿಡಿಸಿ ಬಿಡಿಸಿ ಹೇಳಿದರು: "ಪ್ಯಾರಿಸ್ ಮುಟ್ಟಿದ ಮೇಲೆ ನಾನು ಬಂದು ಕರೆಯೋವರೆಗೆ ಕೂತ ಜಾಗ ಬಿಟ್ಟು ಏಳಬೇಡ."

ಹದಿನೆಂಟಕ್ಕೆ ಅತ್ತೆ ಸೊಸೆ ನಿಲ್ದಾಣದ ಬಾಗಿಲಲ್ಲಿ ಕಾದರು. ಜನ ಬಂದರು, ಪೆಟ್ಟಿಗೆಗಳು ಬಂದವು, ಕೊನೆಗೆ ಗಗನಸಖಿಯರೂ ಬಂದರು. ಭುಜಂಗನಿಲ್ಲ. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಯಾರೋ "ಅಂಬುಝಾಕ್ಸಿ, ಅಂಬುಝಾಕ್ಸಿ" ಅಂತ ಕೂಗಿದರು. ಸಮವಸ್ತ್ರದ ಹೆಂಗಸೊಬ್ಬಳು ವನಮಾಲಾಗೆ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದಳು. ಒಬ್ಬ ಗಂಡಸು ಬೆಲ್ಟು ಬಿಗಿದುಕೊಂಡು ವಿಮಾನದೊಳಗೇ ಕೂತಿದ್ದಾನೆ, ಕಸ ಗುಡಿಸುವವರು ಸುತ್ತ ನಿಂತು ಕಾಯುತ್ತಿದ್ದಾರೆ. ಹೊರಗಿನವರನ್ನು ಒಳಗೆ ಬಿಡುವಂತಿಲ್ಲ, ಫೋನಿನಲ್ಲೇ ಹೇಳಿ ಎಬ್ಬಿಸಿ ಅಂದಳು.

ಟೀಚರಮ್ಮ ಫೋನ್ ಕಿವಿಗಿಟ್ಟುಕೊಂಡು, "ಭುಜಂಗ, ಏಳಪ್ಪ, ಹೊರಗೆ ಬಾ," ಅಂತ ಕರೆದರು.

ಆ ಕಡೆಯಿಂದ ಸಮಾಧಾನದ ದನಿ ಕೇಳಿಸಿತು: "ಕರೆದಿದ್ದು ಆಯ್ತಮ್ಮ. ನೀನು ಬರೋದು ಯಾವಾಗ?"