ಪೈಲ್ವಾನನ ಊಟ

"ಗುರುಗಳೇ, ಮೈಯಲ್ಲಿ ಯಾವ ರೋಗವೂ ಇಲ್ಲದವನು ಪಥ್ಯ ಯಾಕೆ ಮಾಡಬೇಕು?" ಎಂದು ಶಿಷ್ಯ ಕೇಳಿದ. ಅವನಿಗೆ ಇಪ್ಪತ್ತೆರಡು ವರ್ಷ, ಕಲ್ಲು ತಿಂದು ಕರಗಿಸುವ ವಯಸ್ಸು. ಗುರುಗಳು ನಕ್ಕು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಪೈಲ್ವಾನನಿದ್ದ. ಹದಿನೈದು ವರ್ಷ ಅವನ ಬೆನ್ನನ್ನು ಮಣ್ಣಿಗೆ ತಾಗಿಸಿದವರಿಲ್ಲ. ನಲವತ್ತಕ್ಕೆ ಕುಸ್ತಿ ಬಿಟ್ಟ. ಗರಡಿಗೆ ಹೋಗುವುದನ್ನೂ ಬಿಟ್ಟ. ಊಟ ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಎರಡು ಸೇರು ಹಾಲು, ಹಿಡಿ ತುಂಬ ಬಾದಾಮಿ. ಮಧ್ಯಾಹ್ನ ತುಪ್ಪದಲ್ಲಿ ಮುಳುಗಿದ ಅನ್ನ, ಮಾಂಸ. ಹೆಂಡತಿ ಒಂದು ಸೌಟು ಕಡಿಮೆ ಬಡಿಸಿದರೆ ಮರ್ಯಾದೆ ಹೋದವನಂತೆ ಮುಖ ಊದಿಸಿಕೊಳ್ಳುತ್ತಿದ್ದ. ಹೊಟ್ಟೆ ಬಂತು. ಅದನ್ನೂ ಕಸುವೆಂದೇ ತಿಳಿದ ಪುಣ್ಯಾತ್ಮ!

ಅವನ ಮನೆಯ ಜಗಲಿಯಲ್ಲಿ ಮುದಿ ತಂದೆ ಕೂತಿರುತ್ತಿದ್ದ. ಅವನೂ ಒಂದು ಕಾಲದ ಪೈಲ್ವಾನನೇ. ಕುಸ್ತಿ ಬಿಟ್ಟ ಮೇಲೆ ಅವನೂ ಹೀಗೆಯೇ ಉಂಡಿದ್ದ. ಸಿಹಿಮೂತ್ರ ರೋಗ ಬಂದು ಅವನ ಎರಡು ಕಣ್ಣೂ ಹೋಗಿದ್ದವು.

ಒಂದು ದಿನ ಮೆಟ್ಟಿಲು ಹತ್ತುವಾಗ ಮಗನಿಗೆ ಏದುಸಿರು ಬಂತು. ಹೆದರಿಕೊಂಡು ವೈದ್ಯರ ಬಳಿ ಹೋದ. ವೈದ್ಯರು ಪರೀಕ್ಷಿಸಿ, "ನಿಮ್ಮ ತಂದೆಯ ರೋಗ ನಿಮಗಿನ್ನೂ ಬಂದಿಲ್ಲ. ಆದರೆ ನೀವು ಹಿಡಿದಿರುವುದು ಅದೇ ದಾರಿ. ಊಟ ಅರ್ಧ ಮಾಡಿ, ದಿನಾ ಗರಡಿಗೆ ಹೋಗಿ" ಎಂದರು.

"ಇಪ್ಪತ್ತು ವರ್ಷ ಇದನ್ನೇ ಉಂಡೆ ಸ್ವಾಮಿ, ಏನೂ ಆಗಲಿಲ್ಲವಲ್ಲ?"

"ಆಗ ಉಂಡಿದ್ದೆಲ್ಲ ಗರಡಿಯಲ್ಲಿ ಕರಗುತ್ತಿತ್ತು. ಈಗ ಎಲ್ಲಿ ಕರಗಬೇಕು?"

ಮರುದಿನ ಪೈಲ್ವಾನ ಗರಡಿಗೆ ಹೋದ. ಹುಡುಗರು ನೂರು ನೂರು ಬಸ್ಕಿ ಹೊಡೆಯುತ್ತಿದ್ದರು. ಇವನು ಹನ್ನೆರಡಕ್ಕೇ ಗೋಡೆ ಹಿಡಿದ. ಯಾರೂ ನಗಲಿಲ್ಲ. ಗೌರವದಿಂದ ಮುಖ ಆಚೆ ತಿರುಗಿಸಿದರು. ಅವನಿಗೆ ಸಹಿಸಲಾಗದೆ ಹೋದದ್ದು ಅದೇ. ಇನ್ನು ಆ ಕಡೆ ತಲೆಯಿಟ್ಟೂ ಮಲಗುವುದಿಲ್ಲವೆಂದು ಮನೆಯಲ್ಲೇ ಕುಳಿತುಬಿಟ್ಟ.

ತಂದೆಗೆ ವಿಷಯ ತಿಳಿಯಿತು. ಮಗನನ್ನು ಹತ್ತಿರ ಕರೆದ.

"ನಾಚ್ಕೆ ಆಯ್ತೇನಪ್ಪಾ? ದಿನಾ ಬೆಳಿಗ್ಗೆ ನನ್ನ ಕೈ ಹಿಡ್ಕೊಂಡು ಬಚ್ಚಲಿಗೆ ಕರ್ಕೊಂಡು ಹೋಗ್ತೀಯಲ್ಲ, ಆಗ ನನಗೆ ಆಗೋ ನಾಚ್ಕೆಗಿಂತ ಹೆಚ್ಚಾ ಅದು?"

ಪೈಲ್ವಾನ ಎದ್ದು ಗರಡಿಗೆ ಹೋದ. ಅಂದು ಹದಿಮೂರು ಬಸ್ಕಿ ಹೊಡೆದ. ನೂರು ತಲುಪಲು ವರ್ಷ ಹಿಡಿಯಿತು. ಊಟಕ್ಕೆ ಕೂತಾಗ ಕೈ ತಾನಾಗಿ ತುಪ್ಪದ ಕಡೆ ಹೋಗುತ್ತಿತ್ತು. ಅದನ್ನು ಹಿಂದಕ್ಕೆಳೆದುಕೊಳ್ಳಲು ಯಾವ ಎದುರಾಳಿಯನ್ನು ಕೆಡವಲೂ ಪಡದಷ್ಟು ಪಾಡು ಪಟ್ಟ. ಎಪ್ಪತ್ತೈದು ವರ್ಷ ಬದುಕಿದ. ಆ ರೋಗ ಕೊನೆಯವರೆಗೂ ಅವನ ಹತ್ತಿರ ಸುಳಿಯಲಿಲ್ಲ. ಮೊಮ್ಮಕ್ಕಳ ಕುಸ್ತಿಯನ್ನು ಕಣ್ತುಂಬ ನೋಡಿದ.

ಶಿಷ್ಯ ಮತ್ತೆ ಕೇಳಿದ: "ಗುರುಗಳೇ, ರೋಗ ಬರಲೇ ಇಲ್ಲವಲ್ಲ. ಅಷ್ಟು ಕಷ್ಟಪಡದಿದ್ದರೂ ಅದು ಬರುತ್ತಿರಲಿಲ್ಲವೇನೋ. ಖಚಿತವಾಗಿ ತಿಳಿಯುವುದು ಹೇಗೆ?"

ಗುರುಗಳು ಹೇಳಿದರು: "ಖಚಿತವಾಗಿ ತಿಳಿಯುವವರೆಗೂ ಉಂಡವನು ಅವನ ತಂದೆ."