ಹೂಂ ಅನ್ನದ ಕೆಂಚಮ್ಮ

ಹತ್ತಿರ ಬನ್ನಿ ಮಕ್ಕಳೇ, ಗಲಾಟೆ ಮಾಡಬೇಡಿ. ಮೋಡಗಳು ದನಗಳ ಹಾಗೆ ಬೆಟ್ಟದ ಮೇಲೆ ಮೇಯುತ್ತಿದ್ದ ಒಂದು ರಾಜ್ಯದಲ್ಲಿ ಬೊಮ್ಮರಸ ಅಂತ ಒಬ್ಬ ರಾಜನಿದ್ದ. ಒಳ್ಳೆಯವನೇ, ಆದರೆ ಕಥೆಯ ಹುಚ್ಚು. ಮಧ್ಯಾಹ್ನ ಉಂಡು ತೂಗುಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದನೆಂದರೆ, ಕಿವಿಗೆ ಕಥೆ ಬೀಳುತ್ತಲೇ ಇರಬೇಕು.

ಆ ಅರಮನೆಯಲ್ಲಿ ಒಂದು ಪದ್ಧತಿ. ಕಥೆ ಹೇಳುವಾಗ ಹೂಂಗುಟ್ಟಲು ಒಬ್ಬರು ಇರಲೇಬೇಕು. ಒಂದು ಮಾತಿಗೆ ಒಂದು ಹೂಂ. ಹೂಂ ಬರಲಿಲ್ಲವೋ, ಹೇಳುವವನು ಅದೇ ಮಾತನ್ನು ತಿರುಗಿ ಹೇಳಬೇಕು. ಹೂವು ಕಟ್ಟುವ ಕೆಂಚಮ್ಮನಿಗೆ ಆ ಕೆಲಸ.

ಒಂದು ಸಲ ದೂರದೇಶದಿಂದ ಕಥೆ ಹೇಳುವ ಮುದುಕನೊಬ್ಬ ಬಂದ. ಅವನ ಭಾಷೆ ಅಲ್ಲಿ ಬರುತ್ತಿದ್ದುದು ದುಭಾಷಿ ಅಚ್ಚಣ್ಣನೊಬ್ಬನಿಗೇ. ಮುದುಕ ಒಂದು ಮಾತು ಹೇಳುವನು, ಅಚ್ಚಣ್ಣ ಅದನ್ನು ಕನ್ನಡದಲ್ಲಿ ಹೇಳುವನು, ಕೆಂಚಮ್ಮ ಹೂಂ ಅನ್ನುವಳು. ಮನೆಗೆ ಹೋಗಬೇಕು ಅನ್ನಿಸಿದ ದಿನ ಹೇಳು, ಆ ದಿನವೇ ಕಳಿಸುತ್ತೇನೆ ಎಂದು ರಾಜ ಮುದುಕನಿಗೆ ಮೊದಲೇ ಮಾತು ಕೊಟ್ಟಿದ್ದ.

ಅಚ್ಚಣ್ಣನಿಗೆ ಅದೇ ದಿಗಿಲು. ಮುದುಕ ಹೋದರೆ ದುಭಾಷಿಯನ್ನು ಕೇಳುವವರು ಯಾರು? ತುಪ್ಪದ ಊಟ ಎಲ್ಲಿ, ಜರಿಪೇಟ ಎಲ್ಲಿ?

ಮೂರು ತಿಂಗಳಾಯಿತು. ಊರಲ್ಲಿ ಮುದುಕನ ಹೆಂಡತಿ ಒಬ್ಬಳೇ ಇದ್ದಳು, ಪಾಪ. ಒಂದು ದಿನ ಕಥೆಯ ನಡುವೆ ಅವನು ಕೈಮುಗಿದು, “ತುರಿಯಾ ನೋ” ಅಂದ. ನನ್ನನ್ನು ಬಿಡಿ ಅಂತ. ಆ ಭಾಷೆಯ ‘ತುರಿಯಾ’ ನಮ್ಮ ‘ಬಿಡು’ ಇದ್ದ ಹಾಗೆ, ಹಳೆಯ ಕಥೆಗಳಲ್ಲೆಲ್ಲ ಹತ್ತಾರು ಅರ್ಥದಲ್ಲಿ ಬರುತ್ತದೆ. ಅಚ್ಚಣ್ಣ ಗಂಟಲು ಸರಿಮಾಡಿಕೊಂಡು, “ಬಳ್ಳಿ ಹೂ ಬಿಟ್ಟಿತು” ಅಂದ. ರಾಜನ ಕನಸಿನಲ್ಲಿ ತೋಟವೆಲ್ಲ ಘಮ್ಮೆಂದಿತು.

ಮಾರನೆಯ ದಿನ ಮುದುಕ ಮತ್ತೆ ಅದನ್ನೇ ಅಂದ. ಅಚ್ಚಣ್ಣ, “ಮಳೆ ಬಿಟ್ಟಿತು” ಅಂದ. ರಾಜನ ಕನಸಿನಲ್ಲಿ ಎಳೆಬಿಸಿಲು ಹರಡಿತು. ಮೂರನೆಯ ದಿನವೂ ಮುದುಕನದು ಅದೇ ಮಾತು. “ದೋಣಿ ದಡ ಬಿಟ್ಟಿತು” ಅಂದ ಅಚ್ಚಣ್ಣ. ರಾಜ ದೋಣಿಯಲ್ಲಿ ಕೂತು ಎಲ್ಲಿಗೋ ತೇಲಿಹೋದ.

ಆದರೆ ಕೆಂಚಮ್ಮನ ಕಣ್ಣು ತೆರೆದಿತ್ತಲ್ಲ. ಮುದುಕನ ಗಡ್ಡ ಒದ್ದೆಯಾದದ್ದನ್ನು ಮೂರು ದಿನವೂ ನೋಡಿದಳು. ನಾಲ್ಕನೆಯ ದಿನ ಅವನು “ತುರಿಯಾ ನೋ” ಅಂದ. “ಹಂಸ ಕೊಳ ಬಿಟ್ಟಿತು” ಅಂದ ಅಚ್ಚಣ್ಣ. ಕೆಂಚಮ್ಮ ಹೂಂ ಅನ್ನಲಿಲ್ಲ.

ಪದ್ಧತಿ ಪದ್ಧತಿಯೇ. ಮುದುಕ ಅದೇ ಮಾತು ತಿರುಗಿ ಹೇಳಿದ. ಸುಳ್ಳು ಹೇಳುವವನಿಗೆ ನೆನಪು ಗಟ್ಟಿ ಇರಬೇಕಪ್ಪ. ಅಚ್ಚಣ್ಣ ತಡಬಡಿಸಿ, “ರಾಣಿ ನಿಟ್ಟುಸಿರು ಬಿಟ್ಟಳು” ಅಂದ. ಕೆಂಚಮ್ಮ ಸುಮ್ಮನೆ ಕೂತಳು. ಮುದುಕ ಮೂರನೆಯ ಸಲವೂ ಅದನ್ನೇ ಹೇಳಿದ. “ಬೇಡನೊಬ್ಬ ಬಾಣ ಬಿಟ್ಟ” ಅಂದ ಅಚ್ಚಣ್ಣ. ಆಗಲೂ ಹೂಂ ಇಲ್ಲ. ತೂಗುಮಂಚ ನಿಂತಿತು. ರಾಜ ಕಣ್ಣು ಬಿಟ್ಟು, ಏನಾಯಿತು ಎಂದು ಕೇಳಿದ.

“ಬುದ್ಧೀ, ಈ ಯಜಮಾನ್ರು ಮೂರು ಸಲಾನೂ ಒಂದೇ ಮಾತು ಹೇಳಿದ್ರು. ಅಚ್ಚಣ್ಣೋರು ಮೂರು ಮಾತು ಹೇಳಿದ್ರು. ನಾನು ಯಾವುದಕ್ಕೆ ಹೂಂ ಅನ್ಲಿ?”

ಆ ಮಾತಿಗೆ ನೂರು ಅರ್ಥ, ಹೂವು ಕಟ್ಟುವವಳಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದು ಅಚ್ಚಣ್ಣ ರೇಗಿದ.

“ನೂರು ಇರಬೋದು ಸ್ವಾಮಿ. ಹೂ ಬಿಟ್ಟಾಗ್ಲೂ ಇವರು ಅತ್ರು, ಮಳೆ ಬಿಟ್ಟಾಗ್ಲೂ ಅತ್ರು. ಈ ಅಳು ನಿಮ್ಮ ಯಾವ ಅರ್ಥಕ್ಕೆ ಸೇರ್ತದೆ?”

ರಾಜ ಮಂಚದಿಂದ ಇಳಿದು, ಮೊದಲ ಸಲ ಮುದುಕನ ಮುಖ ನೋಡಿದ. ಯಾರನ್ನೂ ಏನೂ ಕೇಳದೆ, ತಾನೇ ಹೋಗಿ ಹೆಬ್ಬಾಗಿಲು ತೆರೆದ. ಆಚೆ ದಾರಿ ಕಾಣಿಸಿತು. ಮುದುಕ ಎದ್ದವನೇ ಚಪ್ಪಲಿಯನ್ನೂ ಮೆಟ್ಟದೆ ನಡೆದೇಬಿಟ್ಟ. ರಾಜನಿಗೆ ನಾಚಿಕೆಯಾಯಿತು.

ಚಪ್ಪಲಿ ಹಿಡಿದು, ಬುತ್ತಿ ಹೊತ್ತು, ಮುದುಕನನ್ನು ಮನೆಯವರೆಗೂ ತಲುಪಿಸುವ ಕೆಲಸ ಅಚ್ಚಣ್ಣನ ಪಾಲಿಗೆ ಬಂತು. ಅವನ ದುಭಾಷಿ ಪದವಿ ಅವತ್ತಿಗೇ ಮುಗಿಯಿತು. ಅರ್ಧಕ್ಕೆ ನಿಂತ ಕಥೆಯ ಕೊನೆ ರಾಜನಿಗೆ ತಿಳಿಯಲೇ ಇಲ್ಲ.

ನೋಡಿ ಮಕ್ಕಳೇ, ಇನ್ನೊಬ್ಬರ ಮಾತನ್ನು ದಾಟಿಸುವವನು ಅದರಲ್ಲಿ ತನ್ನ ಆಸೆ ಬೆರೆಸಬಾರದು. ಕೇಳುವವನೂ ಅಷ್ಟೇ, ಬರೀ ಕಿವಿ ಕೊಟ್ಟರೆ ಸಾಲದು, ಹೇಳುವವನ ಮುಖವನ್ನೂ ನೋಡಬೇಕು.